ಪ್ರಾಣಿಗಳು ಸ್ಕ್ವೀಲರ್‌ನ ಮಾತನ್ನು ಯಾಕೆ ನಂಬುತ್ತವೆ?

ಪ್ರಶ್ನೆ: ನಮ್ಮ ಓದುಗರ ಗುಂಪಿನಲ್ಲಿ ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಓದಿದೆವು. ಸ್ಕ್ವೀಲರ್ ಎಂಬ ಹಂದಿ ಹೇಳುವುದೆಲ್ಲ ಹಸಿ ಸುಳ್ಳು ಅಂತ ನಮಗೆ ಕೂಡಲೇ ಗೊತ್ತಾಗುತ್ತದೆ. ಉಳಿದ ಪ್ರಾಣಿಗಳು ಮಾತ್ರ ನಂಬುತ್ತಲೇ ಹೋಗುತ್ತವೆ. ಜನ ಅಷ್ಟು ದಡ್ಡರಾ? ಸಾಮಾನ್ಯ ಜನರ ಬಗ್ಗೆ ಲೇಖಕರಿಗೆ ಗೌರವ ಇರಲಿಲ್ಲವೇ? ಇನ್ನೊಬ್ಬರು ‘ಈ ಪುಸ್ತಕವೇ ಒಂದು ಪ್ರಚಾರ, ಅಮೆರಿಕದವರು ಹಂಚಿದ್ದು’ ಅಂದರು. ಇಂಥ ರಾಜಕೀಯ ರೂಪಕ ಕಥೆಗಳಲ್ಲಿ ಪ್ರಚಾರವನ್ನು ಹೇಗೆ ಗಮನಿಸಬೇಕು? ಸ್ವಲ್ಪ ವಿವರವಾಗಿ ತಿಳಿಸುತ್ತೀರಾ?

ಉತ್ತರ: ಸ್ಕ್ವೀಲರ್ ಸುಳ್ಳು ಹೇಳುತ್ತಿದ್ದಾನೆ ಅಂತ ನಮಗೆ ಕೂಡಲೇ ಗೊತ್ತಾಗಲು ಒಂದು ಸರಳ ಕಾರಣ ಇದೆ. ನಮ್ಮ ಕೈಯಲ್ಲಿ ಪುಸ್ತಕ ಇದೆ. ಅನುಮಾನ ಬಂದರೆ ನಾಲ್ಕು ಪುಟ ಹಿಂದಕ್ಕೆ ಹೋಗಿ ನೋಡಬಹುದು. ಆ ಫಾರ್ಮಿನ ಪ್ರಾಣಿಗಳಿಗೆ ಹಾಗೆ ನೋಡಲು ಏನೂ ಇಲ್ಲ. ಇರುವುದು ಕಣಜದ ಗೋಡೆಯ ಮೇಲೆ ಬರೆದ ಏಳು ಕಟ್ಟಳೆ, ಅಂದರೆ ಫಾರ್ಮಿನ ನಿಯಮಗಳು. ಅದನ್ನೂ ರಾತ್ರಿ ಹೊತ್ತು ಯಾರೋ ತಿದ್ದುತ್ತಿದ್ದಾರೆ. ಹಾಗಾಗಿ ಇದನ್ನು ದಡ್ಡತನದ ಕಥೆ ಅಂತ ನಾನು ಓದುವುದಿಲ್ಲ. ಪ್ರಚಾರ ಗೆಲ್ಲಬೇಕಾದರೆ ಜನ ಸುಳ್ಳನ್ನು ಮನಸಾರೆ ನಂಬಬೇಕು ಅಂತೇನೂ ಇಲ್ಲ. ನಿಜ ಯಾವುದು ಅಂತ ತಾಳೆ ನೋಡುವ ದಾರಿಗಳು ಮುಚ್ಚಿಹೋದರೆ ಸಾಕು. ಆ ದಾರಿಗಳು ಒಂದೊಂದಾಗಿ ಮುಚ್ಚುವುದನ್ನು ಆರ್ವೆಲ್ ತುಂಬ ತಾಳ್ಮೆಯಿಂದ ತೋರಿಸುತ್ತಾರೆ.

ಪುಸ್ತಕ ಓದದವರಿಗಾಗಿ ಎರಡು ಮಾತು. ಇಂಗ್ಲೆಂಡಿನ ಒಂದು ಫಾರ್ಮಿನಲ್ಲಿ ಪ್ರಾಣಿಗಳು ಕುಡುಕ ಯಜಮಾನ ಜೋನ್ಸ್‌ನನ್ನು ಓಡಿಸಿ ತಾವೇ ಆಡಳಿತ ಹಿಡಿಯುತ್ತವೆ. ಮುಂದಾಳುಗಳು ಹಂದಿಗಳು. ಅವರಲ್ಲಿ ನೆಪೋಲಿಯನ್ ಎಂಬಾತ ತನ್ನ ಜೊತೆಗಾರ ಸ್ನೋಬಾಲ್‌ನ ಮೇಲೆ ನಾಯಿಗಳನ್ನು ಛೂ ಬಿಟ್ಟು ಓಡಿಸುತ್ತಾನೆ. ಆಮೇಲೆ ಅವನದ್ದೇ ದರ್ಬಾರು. ಸ್ಕ್ವೀಲರ್ ಅವನ ವಕ್ತಾರ. 1917ರ ರಷ್ಯಾ ಕ್ರಾಂತಿ, ಸ್ಟಾಲಿನ್, ಟ್ರಾಟ್‌ಸ್ಕಿ ಇವೆಲ್ಲ ಕಥೆಯ ಹಿಂದಿವೆ. ನೆಪೋಲಿಯನ್ ಅಂದರೆ ಸೋವಿಯತ್ ರಷ್ಯಾದ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಅಂದರೆ ಅವನ ಎದುರಾಳಿ ಟ್ರಾಟ್‌ಸ್ಕಿ. ಪುಸ್ತಕ ಹೊರಬಂದದ್ದು 1945ರ ಆಗಸ್ಟ್ 17ರಂದು.

ಮೊದಲು, ಆ ಫಾರ್ಮಿನಲ್ಲಿ ಯಾರಿಗೆ ಎಷ್ಟು ಓದಲು ಬರುತ್ತದೆ ನೋಡಿ. ಮೂರನೇ ಅಧ್ಯಾಯದಲ್ಲಿ ಆರ್ವೆಲ್ ಇದನ್ನು ಲೆಕ್ಕ ಹಾಕಿದ ಹಾಗೆ ಕೊಡುತ್ತಾರೆ. ಹಂದಿಗಳಿಗೆ ಓದು ಬರಹ ಚೆನ್ನಾಗಿ ಬರುತ್ತದೆ. ನಾಯಿಗಳಿಗೂ ಓದಲು ಬರುತ್ತದೆ, ಆದರೆ ಏಳು ಕಟ್ಟಳೆ ಬಿಟ್ಟು ಬೇರೇನೂ ಓದುವ ಆಸಕ್ತಿ ಇಲ್ಲ. ಕ್ಲೋವರ್ ಎಂಬ ಹೆಣ್ಣುಕುದುರೆಗೆ ಅಕ್ಷರಗಳೆಲ್ಲ ಗೊತ್ತು, ಕೂಡಿಸಿ ಓದಲು ಬರುವುದಿಲ್ಲ. ಹಗಲೂ ರಾತ್ರಿ ದುಡಿಯುವ ಬಾಕ್ಸರ್ ನಾಲ್ಕನೇ ಅಕ್ಷರ ದಾಟುವುದಿಲ್ಲ. ಮ್ಯೂರಿಯಲ್ ಎಂಬ ಮೇಕೆ ಚೆನ್ನಾಗಿಯೇ ಓದುತ್ತದೆ. ಬೆಂಜಮಿನ್ ಎಂಬ ಕತ್ತೆ ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲದು, ಆದರೆ ಓದುವುದಿಲ್ಲ. ಮುಂದೆ ನಡೆಯುವ ಪ್ರತಿಯೊಂದು ಮೋಸವೂ ಈ ಪಟ್ಟಿಯ ಮೇಲೆ ನಿಂತಿದೆ. ಹಂದಿಗಳು ಜೋನ್ಸ್‌ನ ಮನೆ ಸೇರಿ ಹಾಸಿಗೆ ಮೇಲೆ ಮಲಗಲು ಶುರು ಮಾಡಿದಾಗ ಕ್ಲೋವರ್‌ಗೆ ಅನುಮಾನ ಬರುತ್ತದೆ. ಹಾಸಿಗೆಯಲ್ಲಿ ಮಲಗಬಾರದು ಅಂತ ಕಟ್ಟಳೆ ಇತ್ತಲ್ವಾ? ಗೋಡೆ ಹತ್ತಿರ ಹೋಗುತ್ತಾಳೆ, ಓದಲು ಬರುವುದಿಲ್ಲ, ಮ್ಯೂರಿಯಲ್‌ಳನ್ನು ಕರೆಯುತ್ತಾಳೆ. ಹೊದಿಕೆ ಹಾಸಿದ ಹಾಸಿಗೆಯಲ್ಲಿ ಮಲಗಬಾರದು ಅಂತ ಗೋಡೆ ಮೇಲಿದೆ. ಇಲ್ಲಿ ಕ್ಲೋವರ್ ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ? ಅನುಮಾನ ಪಟ್ಟಳು. ದಾಖಲೆ ಹುಡುಕಿದಳು. ಓದಬಲ್ಲವರ ಸಹಾಯ ಕೇಳಿದಳು. ದಾಖಲೆಯೇ ಅವಳಿಗೆ ಮೋಸ ಮಾಡಿತು.

ಇದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಸಣ್ಣ ಘಟನೆ ಇದೆ. ತುಂಬ ಜನ ಇದನ್ನು ಗಮನಿಸದೆ ದಾಟಿಬಿಡುತ್ತಾರೆ. ಮನುಷ್ಯರ ಜೊತೆ ವ್ಯಾಪಾರ ಮಾಡಬಾರದು, ದುಡ್ಡು ಮುಟ್ಟಬಾರದು ಅಂತ ಮೊದಲ ಸಭೆಯಲ್ಲೇ ತೀರ್ಮಾನ ಆಗಿತ್ತು ಅಂತ ಪ್ರಾಣಿಗಳಿಗೆ ನೆನಪು. ಸ್ಕ್ವೀಲರ್ ಬಂದು ಅಂಥ ತೀರ್ಮಾನ ಆಗಿರಲೇ ಇಲ್ಲ ಅನ್ನುತ್ತಾನೆ. ನೀವು ಕನಸು ಕಂಡಿರಬಹುದಲ್ವಾ, ಎಲ್ಲಾದರೂ ಬರೆದಿಟ್ಟಿದ್ದೀರಾ ಅಂತ ಕೇಳುತ್ತಾನೆ. ಬರೆದಿಟ್ಟದ್ದು ಎಲ್ಲೂ ಇಲ್ಲ. ಅದೊಂದು ನಿಜ. ಆ ಒಂದು ನಿಜವನ್ನೇ ಹಿಡಿದು ಉಳಿದದ್ದನ್ನೆಲ್ಲ ಅಳಿಸಿಹಾಕುತ್ತಾನೆ. ಪ್ರಾಣಿಗಳು ತಮಗೇ ತಪ್ಪು ನೆನಪು ಅಂದುಕೊಂಡು ಸುಮ್ಮನಾಗುತ್ತವೆ. ಬಾಯಿಮಾತಿನಲ್ಲಿ ಬದುಕುವ ಜನರನ್ನು ಬರಹ ಬಲ್ಲವರು ಹೇಗೆ ಆಳುತ್ತಾರೆ ಅಂತ ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಪುಟವನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಅದಕ್ಕೆ ಒಂದೇ ಘಟನೆಯನ್ನು ಪುಸ್ತಕದ ಉದ್ದಕ್ಕೂ ಹಿಂಬಾಲಿಸೋಣ. ಅದು ದನದ ಕೊಟ್ಟಿಗೆಯ ಕಾಳಗ. ಜೋನ್ಸ್ ತನ್ನ ಜನರನ್ನು ಕಟ್ಟಿಕೊಂಡು ಫಾರ್ಮ್ ವಾಪಸ್ ಪಡೆಯಲು ಬಂದಾಗ ನಡೆದ ಜಗಳ. ನಾಲ್ಕನೇ ಅಧ್ಯಾಯದಲ್ಲಿ ನಾವು ಅದನ್ನು ಕಣ್ಣಾರೆ ನೋಡುತ್ತೇವೆ. ಯೋಜನೆ ಸ್ನೋಬಾಲ್‌ನದು. ಮುಂದೆ ನುಗ್ಗುವವನೂ ಅವನೇ. ಜೋನ್ಸ್ ಬಂದೂಕು ಹಾರಿಸಿದಾಗ ಚರೆಗಳು ಅವನ ಬೆನ್ನನ್ನು ಸೀಳಿ ರಕ್ತ ಬರುತ್ತದೆ. ಅವನು ನಿಲ್ಲದೆ ಹೋಗಿ ಜೋನ್ಸ್‌ನ ಕಾಲಿಗೆ ಬೀಳಿಸುವ ಹಾಗೆ ಅಪ್ಪಳಿಸುತ್ತಾನೆ. ಕಾಳಗ ಮುಗಿದ ಮೇಲೆ ಸ್ನೋಬಾಲ್‌ಗೂ ಬಾಕ್ಸರ್‌ಗೂ ಮೊದಲ ದರ್ಜೆಯ ಪದಕ ಸಿಗುತ್ತದೆ. ಈ ಇಡೀ ಕಾಳಗದಲ್ಲಿ ನೆಪೋಲಿಯನ್‌ನ ಹೆಸರೇ ಬರುವುದಿಲ್ಲ.

ಸ್ನೋಬಾಲ್‌ನನ್ನು ಓಡಿಸಿದ ಹೊಸದರಲ್ಲಿ ಸ್ಕ್ವೀಲರ್ ಜಾಸ್ತಿ ಏನೂ ಹೇಳುವುದಿಲ್ಲ. ಆ ಕಾಳಗದಲ್ಲಿ ಅವನ ಪಾತ್ರವನ್ನು ಉಬ್ಬಿಸಿ ಹೇಳಿದ್ದಾರೆ ಅಂತ ಮುಂದೆ ಗೊತ್ತಾಗಬಹುದು, ಅಷ್ಟೇ. ಅದಕ್ಕೆ ಯಾರು ತಾನೇ ತಕರಾರು ಮಾಡುತ್ತಾರೆ? ಏಳನೇ ಅಧ್ಯಾಯದ ಹೊತ್ತಿಗೆ ಸ್ನೋಬಾಲ್ ಮೊದಲಿನಿಂದಲೂ ಜೋನ್ಸ್‌ನ ಏಜೆಂಟ್ ಆಗಿದ್ದ, ಗುಟ್ಟಿನ ಕಾಗದ ಪತ್ರ ಸಿಕ್ಕಿವೆ ಅನ್ನುವವರೆಗೆ ಬಂದಿರುತ್ತದೆ. ನೆಪೋಲಿಯನ್ ಜೋನ್ಸ್‌ನ ಕಾಲು ಕಚ್ಚಿ ಎಲ್ಲರನ್ನೂ ಉಳಿಸಿದ್ದು ನೆನಪಿಲ್ವಾ ಅಂತ ಸ್ಕ್ವೀಲರ್ ಕೇಳುತ್ತಾನೆ. ಆ ದೃಶ್ಯವನ್ನು ಎಷ್ಟು ಬಣ್ಣ ಕಟ್ಟಿ ಹೇಳುತ್ತಾನೆ ಅಂದರೆ, ಪ್ರಾಣಿಗಳಿಗೆ ನಿಜಕ್ಕೂ ನೆನಪಾದ ಹಾಗೆ ಅನಿಸುತ್ತದೆ. ಎಂಟನೇ ಅಧ್ಯಾಯದಲ್ಲಿ ಸ್ನೋಬಾಲ್‌ಗೆ ಪದಕ ಸಿಕ್ಕೇ ಇರಲಿಲ್ಲ, ಹೇಡಿತನಕ್ಕೆ ಛೀಮಾರಿ ಹಾಕಿದ್ದರು ಅಂತಾಗುತ್ತದೆ. ಒಂಬತ್ತನೇ ಅಧ್ಯಾಯಕ್ಕೆ ಬಂದರೆ ಸ್ನೋಬಾಲ್ ಮನುಷ್ಯರ ಪಡೆಯ ನಾಯಕನೇ ಆಗಿಬಿಟ್ಟಿದ್ದಾನೆ. ಬೆನ್ನಿನ ಗಾಯ? ಅದು ನೆಪೋಲಿಯನ್ ಹಲ್ಲಿನಿಂದ ಆದದ್ದು!

ಗಾಯವನ್ನು ಅಲ್ಲಗಳೆಯಲು ಆಗುವುದಿಲ್ಲ, ಅದನ್ನು ಎಲ್ಲರೂ ನೋಡಿದ್ದಾರೆ. ಆದ್ದರಿಂದ ಗಾಯವನ್ನು ಹಾಗೇ ಬಿಟ್ಟು ಗಾಯ ಮಾಡಿದವರನ್ನು ಬದಲಿಸಿದರು. ನಾಲ್ಕನೇ ಅಧ್ಯಾಯದಿಂದ ಒಂಬತ್ತನೆಯದಕ್ಕೆ ಒಂದೇ ಸಲ ಜಿಗಿದಿದ್ದರೆ ಯಾವ ಪ್ರಾಣಿಯೂ ಒಪ್ಪುತ್ತಿರಲಿಲ್ಲ. ನಡುವೆ ವರ್ಷಗಳು ಕಳೆದಿವೆ. ಪ್ರತಿ ಸಲವೂ ಹಿಂದಿನ ಮಾತಿಗಿಂತ ಒಂದು ಹೆಜ್ಜೆ ಮುಂದೆ, ಅಷ್ಟೇ. ನಾವು ಪುಸ್ತಕವನ್ನು ಒಂದೆರಡು ದಿನದಲ್ಲಿ ಓದಿ ಮುಗಿಸುತ್ತೇವೆ, ಹಾಗಾಗಿ ಜಿಗಿತ ಕಣ್ಣಿಗೆ ಹೊಡೆಯುತ್ತದೆ.

ಏಳನೇ ಅಧ್ಯಾಯದಲ್ಲಿ ಬಾಕ್ಸರ್ ಒಬ್ಬನೇ ಎದ್ದು ಆಕ್ಷೇಪ ಎತ್ತುತ್ತಾನೆ ಅನ್ನುವುದನ್ನು ಮರೆಯಬಾರದು. ಅಕ್ಷರ ಕಲಿಯಲಾಗದ ಬಾಕ್ಸರ್‌ಗೆ ಆ ಗಾಯ ನೆನಪಿದೆ. ಸ್ನೋಬಾಲ್ ಮೊದಲಿನಿಂದ ದ್ರೋಹಿ ಆಗಿದ್ದ ಅಂತ ನಾನು ಒಪ್ಪುವುದಿಲ್ಲ ಅನ್ನುತ್ತಾನೆ. ನಾಯಕ ನೆಪೋಲಿಯನ್ನರೇ ಹೇಳಿದ್ದಾರೆ ಅಂದ ಮೇಲೆ ಮಾತ್ರ ಹಾಗಾದರೆ ಸರಿ ಇರಬೇಕು ಅಂತ ಸುಮ್ಮನಾಗುತ್ತಾನೆ. ಅವನ ಕಡೆಗೆ ಸ್ಕ್ವೀಲರ್ ಕೆಟ್ಟ ದೃಷ್ಟಿ ಬೀರುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಸಭೆ ಸೇರಿದಾಗ ನಾಯಿಗಳು ಬಾಕ್ಸರ್ ಮೇಲೆ ಎರಗುತ್ತವೆ. ಅವನಿಗೆ ಬಲ ಇದ್ದದ್ದರಿಂದ ಉಳಿದುಕೊಂಡ. ಅದೇ ಸಭೆಯಲ್ಲಿ ನಾಲ್ಕು ಹಂದಿಗಳು, ಮೂರು ಕೋಳಿಗಳು ಮತ್ತು ಇನ್ನಷ್ಟು ಪ್ರಾಣಿಗಳು ಮಾಡದ ತಪ್ಪನ್ನು ಒಪ್ಪಿಕೊಂಡು ಜೀವ ಕಳೆದುಕೊಳ್ಳುತ್ತವೆ.

ನಾಯಿಗಳನ್ನು ಬಿಟ್ಟು ಸ್ಕ್ವೀಲರ್‌ನ ಬಗ್ಗೆ ಮಾತಾಡುವುದೇ ತಪ್ಪು ಅಂತ ನಾನು ಹೇಳುವುದು ಇದಕ್ಕೇ. ಅವನು ಒಂದು ವಿವರಣೆ ಕೊಟ್ಟಾಗ ಪ್ರಾಣಿಗಳು ಯಾಕೆ ಒಪ್ಪಿದವು ಅಂತ ಹೇಳುವ ಒಂದು ವಾಕ್ಯ ಐದನೇ ಅಧ್ಯಾಯದ ಕೊನೆಯಲ್ಲಿದೆ. ಸ್ಕ್ವೀಲರ್ ಅಷ್ಟು ಚೆನ್ನಾಗಿ ಮಾತಾಡಿದ, ಜೊತೆಗಿದ್ದ ಮೂರು ನಾಯಿಗಳು ಅಷ್ಟು ಜೋರಾಗಿ ಗುರುಗುಟ್ಟಿದವು, ಹಾಗಾಗಿ ಮರುಮಾತಿಲ್ಲದೆ ಒಪ್ಪಿಕೊಂಡವು ಎಂಬ ಅರ್ಥದ ವಾಕ್ಯ ಅದು. ಸವಿಮಾತು, ಗುರುಗುಟ್ಟುವಿಕೆ ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟಿದ್ದಾರೆ. ಯಾವುದರಿಂದ ಒಪ್ಪಿದವು ಅಂತ ಬಿಡಿಸಿ ಹೇಳಲು ಪ್ರಾಣಿಗಳಿಗೂ ಆಗುವುದಿಲ್ಲ. ಹೆದರಿ ಒಪ್ಪಿದೆ ಅಂತ ಒಪ್ಪಿಕೊಳ್ಳುವುದು ಕಷ್ಟ. ಮಾತು ಸರಿ ಇತ್ತು, ಅದಕ್ಕೇ ಒಪ್ಪಿದೆ ಅಂದುಕೊಂಡರೆ ಮನಸ್ಸಿಗೆ ಹಗುರ. ಈ ಅನುಕೂಲವನ್ನೂ ಪ್ರಚಾರವೇ ಒದಗಿಸುತ್ತದೆ.

ಕುರಿಗಳ ಘೋಷಣೆ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕು ಕಾಲು ಒಳ್ಳೆಯದು, ಎರಡು ಕಾಲು ಕೆಟ್ಟದ್ದು ಅಂತ ಅವು ಗಂಟೆಗಟ್ಟಲೆ ಅರಚುತ್ತವೆ. ಅದನ್ನು ಕಟ್ಟಿಕೊಟ್ಟವನು ಸ್ನೋಬಾಲ್! ಏಳು ಕಟ್ಟಳೆ ಬಾಯಿಪಾಠ ಮಾಡಲಾಗದವರಿಗೆ ಅನುಕೂಲ ಆಗಲಿ ಅಂತ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಆಮೇಲೆ ಸಭೆಯಲ್ಲಿ ಅವನು ಮುಖ್ಯವಾದ ಮಾತಿಗೆ ಬಂದಾಗಲೆಲ್ಲ ಕುರಿಗಳು ಅದನ್ನೇ ಕೂಗಿ ಅವನ ಬಾಯಿ ಮುಚ್ಚಿಸುತ್ತವೆ. ಕೊನೆಗೆ ಹಂದಿಗಳು ಎರಡು ಕಾಲಲ್ಲಿ ನಡೆಯಲು ಶುರು ಮಾಡಿದ ದಿನ, ಎರಡು ಕಾಲು ಇನ್ನೂ ಒಳ್ಳೆಯದು ಅಂತ ಅವೇ ಕುರಿಗಳು ಕೂಗುತ್ತವೆ. ಒಳ್ಳೆಯ ಉದ್ದೇಶಕ್ಕೆ ಕಟ್ಟಿದ ಘೋಷಣೆಯೂ ಯೋಚನೆಯ ಜಾಗದಲ್ಲಿ ಕೂತರೆ ಯಾರ ಕೈಗಾದರೂ ಸಿಗುತ್ತದೆ. ಆರ್ವೆಲ್ ಸ್ನೋಬಾಲ್‌ನನ್ನೂ ಸುಮ್ನೆ ಬಿಟ್ಟಿಲ್ಲ.

ಇವೆಲ್ಲ ಕಲ್ಪನೆಯಿಂದ ಹುಟ್ಟಿದವಲ್ಲ. ಪ್ರತಿಯೊಂದಕ್ಕೂ ಚರಿತ್ರೆಯಲ್ಲಿ ಬೇರು ಇದೆ. ಫಾರ್ಮಿನಲ್ಲಿ ಧಾನ್ಯ ಮುಗಿದಾಗ ಪೀಪಾಯಿಗಳಿಗೆ ಬಾಯಿ ಹತ್ತಿರದವರೆಗೂ ಮರಳು ತುಂಬಿ, ಮೇಲೆ ಉಳಿದ ಕಾಳು ಹರಡಿ ವಿಂಪರ್ ಎಂಬ ಹೊರಗಿನ ವ್ಯಕ್ತಿಗೆ ತೋರಿಸುತ್ತಾರೆ. 1932–33ರಲ್ಲಿ ಉಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. 1933ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿನ ಮಾಜಿ ಪ್ರಧಾನಿ ಎಡ್ವಾರ್ ಎರಿಯೋಗೆ ಮೊದಲೇ ಸಿಂಗರಿಸಿಟ್ಟ ಜಾಗಗಳನ್ನು ತೋರಿಸಿದರು. ಅವರು ಊರಿಗೆ ಮರಳಿ ಬರಗಾಲವೇ ಇಲ್ಲ ಅಂದರು. ಕೆಂಪು ಸೇನೆಯನ್ನು ಕಟ್ಟಿದ ಟ್ರಾಟ್‌ಸ್ಕಿಯನ್ನು 1929ರಲ್ಲಿ ದೇಶದಿಂದ ಹೊರಹಾಕಿ, 1938ರಲ್ಲಿ ಬಂದ ಕಮ್ಯುನಿಸ್ಟ್ ಪಕ್ಷದ ಅಧಿಕೃತ ಚರಿತ್ರೆಯಲ್ಲಿ ಮೊದಲಿನಿಂದಲೂ ದ್ರೋಹಿ ಅಂತ ಬರೆದರು.

ಆರ್ವೆಲ್‌ರಿಗೆ ಇದು ಬರೀ ಓದಿ ತಿಳಿದ ವಿಷಯ ಆಗಿರಲಿಲ್ಲ. 1936ರ ಕೊನೆಯಲ್ಲಿ ಅವರು ಸ್ಪೇನಿಗೆ ಹೋಗಿ, ಅಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಸೇನಾಧಿಕಾರಿ ಫ್ರಾಂಕೋ ವಿರುದ್ಧ ಬಂದೂಕು ಹಿಡಿದರು. ಮರುವರ್ಷ ಗಂಟಲಿಗೆ ಗುಂಡು ಬಿತ್ತು. ಅವರಿದ್ದ ಪೋಮ್ ಪಕ್ಷದ ಪಡೆ ಎಡಪಂಥೀಯವೇ, ಆದರೆ ಸ್ಟಾಲಿನ್‌ಗೆ ತಲೆಬಾಗದ ಪಡೆ. 1937ರ ಜೂನ್‌ನಲ್ಲಿ ಆ ಪಕ್ಷವನ್ನೇ ನಿಷೇಧಿಸಿ, ಅವರೆಲ್ಲ ಫ್ರಾಂಕೋನ ಗುಪ್ತಚರರು ಅಂತ ಪ್ರಚಾರ ಮಾಡಿದರು. ಆರ್ವೆಲ್ ಹೆಂಡತಿಯ ಜೊತೆ ತಪ್ಪಿಸಿಕೊಂಡು ಫ್ರಾನ್ಸಿಗೆ ಬಂದರು. ಧೈರ್ಯವಾಗಿ ಹೋರಾಡಿದವರನ್ನು ಹೇಡಿಗಳು, ದ್ರೋಹಿಗಳು ಅಂದದ್ದನ್ನು, ಒಂದು ಗುಂಡಿನ ಸದ್ದೂ ಕೇಳದವರನ್ನು ವೀರರು ಅಂತ ಹೊಗಳಿದ್ದನ್ನು ಕಣ್ಣಾರೆ ಕಂಡೆ ಅಂತ ಅವರು ಮುಂದೆ ಬರೆದರು. ಸ್ನೋಬಾಲ್‌ನ ಪದಕವನ್ನು ಇಲ್ಲವಾಗಿಸಿ ನೆಪೋಲಿಯನ್‌ನನ್ನು ವೀರನನ್ನಾಗಿ ಮಾಡಿದ ಕಥೆ ಅಲ್ಲೇ ಇದೆ ನೋಡಿ.

ಇನ್ನೊಂದು ಅನುಭವ ನಮ್ಮ ದೇಶಕ್ಕೆ ಹತ್ತಿರದ್ದು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಕೆಲಸ ಮಾಡಿದರು. ಭಾರತಕ್ಕೆ ಪ್ರಸಾರವಾಗುವ ಕಾರ್ಯಕ್ರಮಗಳು, ಯುದ್ಧದ ಸುದ್ದಿಯ ವಿಮರ್ಶೆ ಅವರ ಜವಾಬ್ದಾರಿ. ಬರೆದದ್ದೆಲ್ಲ ಸೆನ್ಸಾರ್ ಕೈ ದಾಟಿಯೇ ಹೋಗಬೇಕಿತ್ತು. ಭಾರತಕ್ಕೆ ಸ್ವಾತಂತ್ರ್ಯ ಸಿಗಬೇಕು ಅಂತ ನಂಬಿದ್ದ ಅವರು ಬ್ರಿಟಿಷ್ ಸರ್ಕಾರದ ಪರವಾಗಿ ಭಾರತೀಯರಿಗೆ ಮಾತಾಡುವ ಕೆಲಸದಲ್ಲಿದ್ದರು. 1943ರ ನವೆಂಬರ್‌ನಲ್ಲಿ ಆ ಕೆಲಸ ಬಿಟ್ಟರು. ಅದೇ ತಿಂಗಳು ಈ ಪುಸ್ತಕ ಬರೆಯಲು ಕೂತರು. ಸ್ಕ್ವೀಲರ್‌ನ ಮಾತಿನ ಹದ ಅಷ್ಟು ಚೆನ್ನಾಗಿ ಬಂದಿರುವುದಕ್ಕೆ ಈ ಎರಡು ವರ್ಷಗಳೂ ಕಾರಣ ಅಂತ ನನ್ನ ಅಭಿಪ್ರಾಯ.

ಇನ್ನು ಪುಸ್ತಕವೇ ಪ್ರಚಾರ ಎಂಬ ಮಾತು. ನಿಮ್ಮ ಗುಂಪಿನ ಆ ಸದಸ್ಯರು ಹೇಳಿದ್ದರಲ್ಲಿ ನಿಜ ಇದೆ, ಅದನ್ನು ತಳ್ಳಿಹಾಕಬೇಡಿ. ಮೊದಲು ಹಲವು ಪ್ರಕಾಶಕರು ಇದನ್ನು ಪ್ರಕಟಿಸದೆ ಕೈಬಿಟ್ಟರು. 1944ರಲ್ಲಿ ರಷ್ಯಾ ಬ್ರಿಟನ್ನಿನ ಮಿತ್ರದೇಶ. ಜೊನಾಥನ್ ಕೇಪ್ ಪ್ರಕಾಶನ ಮೊದಲು ಒಪ್ಪಿ, ವಾರ್ತಾ ಇಲಾಖೆಯ ಒಬ್ಬ ಅಧಿಕಾರಿಯ ಸಲಹೆ ಕೇಳಿ ಹಿಂದೆ ಸರಿಯಿತು. ಆ ಅಧಿಕಾರಿ ಪೀಟರ್ ಸ್ಮಾಲೆಟ್ ರಷ್ಯಾದ ಗೂಢಚಾರ ಅಂತ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಯುದ್ಧ ಮುಗಿದು ಮಿತ್ರರು ಶತ್ರುಗಳಾದ ಮೇಲೆ ಎಲ್ಲ ತಿರುಗುಮುರುಗಾಯಿತು. ಬ್ರಿಟಿಷ್ ವಿದೇಶಾಂಗ ಇಲಾಖೆಯ ಒಂದು ಗುಪ್ತ ವಿಭಾಗ ಪುಸ್ತಕದ ಅನುವಾದಗಳಿಗೆ ನೆರವು ಕೊಟ್ಟಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಿಂದೆ ನಿಂತು ದುಡ್ಡು ಹಾಕಿ ಕಾರ್ಟೂನ್ ಸಿನಿಮಾ ಮಾಡಿಸಿತು. 1954ರಲ್ಲಿ ಅದು ತೆರೆಗೆ ಬಂತು.

ಆ ಸಿನಿಮಾದ ಕೊನೆಯನ್ನು ಬದಲಿಸಲಾಯಿತು. ಪುಸ್ತಕದ ಕೊನೆಯಲ್ಲಿ ಹಂದಿಗಳೂ ಅಕ್ಕಪಕ್ಕದ ಮನುಷ್ಯ ಯಜಮಾನರೂ ಒಂದೇ ಮೇಜಿನ ಸುತ್ತ ಕೂತು ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ, ಜಗಳ ಆಡುತ್ತಾರೆ. ಕಿಟಕಿಯಿಂದ ನೋಡುವ ಪ್ರಾಣಿಗಳಿಗೆ ಯಾರು ಹಂದಿ, ಯಾರು ಮನುಷ್ಯ ಅಂತ ಗುರುತೇ ಸಿಗುವುದಿಲ್ಲ. ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಸೇರಿದ 1943ರ ಟೆಹ್ರಾನ್ ಮಾತುಕತೆ ಆರ್ವೆಲ್ ಮನಸ್ಸಿನಲ್ಲಿತ್ತು. ಸಿನಿಮಾದಲ್ಲಿ ಆ ಮನುಷ್ಯರು ಇಲ್ಲ. ಬರೀ ಹಂದಿಗಳಿವೆ. ಪ್ರಾಣಿಗಳು ಮತ್ತೆ ದಂಗೆ ಎದ್ದು ಅವನ್ನು ಮುಗಿಸುತ್ತವೆ. ಪ್ರಚಾರಕ್ಕೆ ಪುಸ್ತಕ ಇದ್ದ ಹಾಗೇ ಒಗ್ಗಲಿಲ್ಲ, ಕತ್ತರಿ ಹಾಕಬೇಕಾಯಿತು. ಪುಸ್ತಕಕ್ಕೂ ಪ್ರಚಾರಕ್ಕೂ ಇರುವ ದೂರ ಎಷ್ಟು ಅಂತ ಕೇಳಿದರೆ ನಾನು ಈ ಕತ್ತರಿಸಿದ ಭಾಗವನ್ನೇ ತೋರಿಸುತ್ತೇನೆ.

ಇನ್ನೊಂದು ಸಾಕ್ಷಿ ನನಗೆ ತುಂಬ ಇಷ್ಟ. ಪ್ರಾಣಿಗಳು ಕಷ್ಟಪಟ್ಟು ಕಟ್ಟಿದ ಗಾಳಿಯಂತ್ರವನ್ನು ಮನುಷ್ಯರು ಸ್ಫೋಟಿಸಿದಾಗ ನೆಪೋಲಿಯನ್ ಸಹಿತ ಎಲ್ಲರೂ ನೆಲಕ್ಕೆ ಬಿದ್ದರು ಅಂತ ಆರ್ವೆಲ್ ಮೊದಲು ಬರೆದಿದ್ದರು. 1945ರ ಮಾರ್ಚ್‌ನಲ್ಲಿ ಪ್ರಕಾಶಕರಿಗೆ ಪತ್ರ ಬರೆದು, ನೆಪೋಲಿಯನ್ ಒಬ್ಬನನ್ನು ಬಿಟ್ಟು ಅಂತ ತಿದ್ದಿಸಿದರು. ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಬಂದಾಗಲೂ ಸ್ಟಾಲಿನ್ ಊರು ಬಿಟ್ಟು ಓಡಿರಲಿಲ್ಲ, ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ ಅಂತ. ಸ್ಕ್ವೀಲರ್ ಯಾವತ್ತಾದರೂ ಸ್ನೋಬಾಲ್‌ಗೆ ಇಂಥ ಒಂದು ವಾಕ್ಯ ಬಿಟ್ಟುಕೊಟ್ಟಾನಾ?

ಹಾಗಂತ ಪುಸ್ತಕದಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆರ್ವೆಲ್‌ರ ಗೆಳೆಯ, ವಿಮರ್ಶಕ ವಿಲಿಯಂ ಎಂಪ್ಸನ್ ಆಗಲೇ ಎಚ್ಚರಿಸಿದ್ದರು. ಈ ಬಗೆಯ ಕಥೆಯನ್ನು ಬೇರೆ ಬೇರೆ ಓದುಗರು ಬೇರೆ ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ ಅಂತ. ಅವರಿಗೆ ಗೊತ್ತಿದ್ದ ಹುಡುಗನೊಬ್ಬ ಅದನ್ನು ಓದಿ, ಬ್ರಿಟನ್ನಿನ ಬಲಪಂಥೀಯ ಕನ್ಸರ್ವೇಟಿವ್ ಪಕ್ಷದ ಒಳ್ಳೆಯ ಪ್ರಚಾರ ಅಂತ ಖುಷಿಪಟ್ಟನಂತೆ. ರೂಪಕ ಕಥೆಯ ಕಷ್ಟ ಇದು. ಜನರನ್ನು ಕುದುರೆ, ಕುರಿ, ಕೋಳಿ ಅಂತ ತೋರಿಸಿದ ಕೂಡಲೇ, ಅವರಿಗೆ ಬುದ್ಧಿ ಕಡಿಮೆ ಇರುವುದು ಹುಟ್ಟುಗುಣ ಅನ್ನುವ ಅರ್ಥ ಲೇಖಕರು ಬಯಸದಿದ್ದರೂ ಬಂದುಬಿಡುತ್ತದೆ. ಬಾಕ್ಸರ್‌ಗೆ ಓದಲು ಬಾರದ್ದು ಅವನು ಕುದುರೆ ಅಂತಲೋ, ಕಲಿಸುವವರು ಅಷ್ಟಕ್ಕೇ ಬಿಟ್ಟರು ಅಂತಲೋ? ಕಥೆ ಇದನ್ನು ಸ್ಪಷ್ಟಪಡಿಸುವುದಿಲ್ಲ. ನಿಮಗೆ ಅಗೌರವ ಕಂಡದ್ದು ಇಲ್ಲಿಂದಲೇ ಇರಬೇಕು, ಅದು ನ್ಯಾಯವಾದ ಆಕ್ಷೇಪವೇ.

ಆದರೆ ಆರ್ವೆಲ್ ಮನಸ್ಸಿನಲ್ಲಿದ್ದದ್ದು ಬೇರೆ. 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಕಥೆಯ ತಿರುವು ಎಲ್ಲಿದೆ ಅಂತ ಹೇಳಿದ್ದಾರೆ. ಹಂದಿಗಳು ಹಾಲು, ಸೇಬು ತಮಗೇ ಇಟ್ಟುಕೊಂಡ ದಿನ. ಆಗ ಇನ್ನೂ ನಾಯಿಗಳು ಮರಿಗಳು. ಗೋಡೆ ತಿದ್ದಿಲ್ಲ. ಕಾಳಗವೂ ನಡೆದಿಲ್ಲ. ಬುದ್ಧಿಯ ಕೆಲಸಕ್ಕೆ ಹಾಲು, ಸೇಬು ಬೇಕು, ವಿಜ್ಞಾನವೇ ಹೇಳಿದೆ, ನನಗಂತೂ ಅವು ಇಷ್ಟವೇ ಇಲ್ಲ ಅಂತ ಸ್ಕ್ವೀಲರ್ ಹೇಳುತ್ತಾನೆ. ನಾವು ಸೋತರೆ ಜೋನ್ಸ್ ವಾಪಸ್ ಬರುತ್ತಾನೆ ಅಂತ ಹೆದರಿಸುತ್ತಾನೆ. ಅವತ್ತು ಪ್ರಾಣಿಗಳು ಗಟ್ಟಿಯಾಗಿ ಬೇಡ ಅಂದಿದ್ದರೆ ಕಥೆ ಬೇರೆ ಆಗುತ್ತಿತ್ತು ಅನ್ನುವುದು ಅವರ ನಂಬಿಕೆ. ಜನರ ಕೈಯಲ್ಲಿ ಏನೂ ಆಗದು ಅಂತ ತಿಳಿದವರು ಇಂಥ ಮಾತು ಬರೆಯುವುದಿಲ್ಲ.

ಮುಂದಿನ ಓದಿಗೆ ನಿಮ್ಮ ಗುಂಪು ಗಿರೀಶ್ ಕಾರ್ನಾಡರ ‘ತುಘಲಕ್’ ತೆಗೆದುಕೊಂಡರೆ ಚೆನ್ನ. 1964ರ ನಾಟಕ. ಹದಿನಾಲ್ಕನೇ ಶತಮಾನದ ದಿಲ್ಲಿಯ ಕಥೆಯಲ್ಲಿ ಜನ ನೆಹರೂ ಕಾಲದ ಭಾರತವನ್ನು ಕಂಡುಕೊಂಡರು. ಅಲ್ಲಿ ಸ್ಕ್ವೀಲರ್‌ನಂಥ ವಕ್ತಾರ ಇಲ್ಲ, ಡಂಗುರ ಸಾರುವವನಿದ್ದಾನೆ. ಸುಲ್ತಾನ ಸುಳ್ಳು ಹೇಳುವುದಕ್ಕಿಂತ ಜಾಸ್ತಿ ಔದಾರ್ಯದ ಪ್ರದರ್ಶನ ಮಾಡುತ್ತಾನೆ. ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೆಯೇ ಮೊಕದ್ದಮೆ ಹೂಡಿ ಗೆದ್ದ ಅಂತ ಡಂಗುರ ಸಾರುತ್ತಾರೆ. ಆ ಬ್ರಾಹ್ಮಣ ಅಸಲಿಗೆ ವೇಷ ಹಾಕಿದ ಅಗಸ ಅಜೀಜ್. ಸರ್ಕಾರದ ಪ್ರಚಾರವನ್ನು ನಂಬಿದ ಹಾಗೆ ನಟಿಸಿ, ಅದರಲ್ಲೇ ತನ್ನ ಲಾಭ ಮಾಡಿಕೊಳ್ಳುವ ಇಂಥವನು ಆರ್ವೆಲ್‌ರ ಫಾರ್ಮಿನಲ್ಲಿ ಇಲ್ಲ. ಇನ್ನೊಂದು ಕಡೆ ತನ್ನನ್ನು ಟೀಕಿಸುವ ಶೇಖ್ ಇಮಾಮುದ್ದೀನರ ಭಾಷಣ ಕೇಳಲು ಬನ್ನಿ ಅಂತ ಸುಲ್ತಾನನೇ ಜನರನ್ನು ಕರೆಸುತ್ತಾನೆ. ಮಸೀದಿಯ ಮುಂದೆ ಒಬ್ಬರೂ ಬರುವುದಿಲ್ಲ. ಬರದ ಹಾಗೆ ತಡೆದದ್ದು ಅವನದೇ ಸೈನಿಕರು. ಓದುವಾಗ ಡಂಗುರ ಕೇಳಿದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆ ಸಾರಿದ ಮಾತು ಮುಂದೆ ಏನಾಯಿತು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಗುಂಪಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಬರೆದು ಹೋಲಿಸಿದರೆ ಚರ್ಚೆಗೆ ಬೇಕಾದಷ್ಟು ಸಿಗುತ್ತದೆ.